ಸಮೀಕರಣವನ್ನು ಪರದೆಯ ಮೇಲೆ ಬರೆಯುವುದು: ಮಂಗಳೂರಿನ ಒಂದು ಸಿ ಲ್ಯಾಬಿನ ಪ್ರಕರಣ

ಹಿನ್ನೆಲೆ

ಇದು ನಡೆದದ್ದು ಮಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದ ಸಿ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬಿನಲ್ಲಿ. ಕಾಲೇಜಿನದ್ದಾಗಲಿ ವಿದ್ಯಾರ್ಥಿನಿಯದ್ದಾಗಲಿ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಪ್ರೋಗ್ರಾಮು ಮತ್ತು ಅದು ಕೊಟ್ಟ ಔಟ್‌ಪುಟ್ ಇದ್ದ ಹಾಗೆಯೇ ಇವೆ. ನಾನು ಆ ಲ್ಯಾಬಿನ ಇನ್‌ಸ್ಟ್ರಕ್ಟರ್. ಪಾಠ ಮಾಡುತ್ತಿದ್ದವರು ಬೇರೊಬ್ಬ ಮೇಡಂ.

ವರ್ಗ ಸಮೀಕರಣದ ಮೂಲಗಳನ್ನು ಕಂಡುಹಿಡಿಯುವ ಪ್ರೋಗ್ರಾಮು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಿ ಲ್ಯಾಬಿನ ಹಳೆಯ ನೆಂಟ. 2018ರ ಸ್ಕೀಮಿನಲ್ಲೂ ಇತ್ತು, 2022ರದ್ದರಲ್ಲೂ ಇದೆ. ಎ, ಬಿ, ಸಿ ಎಂಬ ಮೂರು ಸಹಗುಣಕಗಳನ್ನು ಓದಿಕೊಳ್ಳಬೇಕು, ಶೋಧಕ (ಬಿಯ ವರ್ಗದಿಂದ 4×ಎ×ಸಿ ಕಳೆದದ್ದು) ಲೆಕ್ಕ ಹಾಕಬೇಕು, ಅದು ಸೊನ್ನೆಯೋ ಧನವೋ ಋಣವೋ ನೋಡಿ ಮೂಲಗಳನ್ನು ಮುದ್ರಿಸಬೇಕು. ಸೀನಿಯರುಗಳ ರೆಕಾರ್ಡ್ ಪುಸ್ತಕದಲ್ಲಿ ಇದು ಸಿದ್ಧವಾಗಿಯೇ ಸಿಗುತ್ತದೆ. ಹಾಗಾಗಿ ಮೇಡಂ ಅಸೈನ್‌ಮೆಂಟಿಗೆ ಒಂದು ಸಾಲು ಸೇರಿಸಿದರು: ಮೂಲಗಳಿಗಿಂತ ಮೊದಲು, ಓದಿಕೊಂಡ ಸಮೀಕರಣವನ್ನು ಗಣಿತ ಪುಸ್ತಕದಲ್ಲಿ ಇರುವ ಹಾಗೆಯೇ ಮುದ್ರಿಸಬೇಕು. 1, -5, 6 ಕೊಟ್ಟರೆ ಪರದೆಯ ಮೇಲೆ ಬರಬೇಕಾದದ್ದು ಇದು:

ಎಕ್ಸ್^2 - 5ಎಕ್ಸ್ + 6 = 0

ಹತ್ತು ಅಂಕದಲ್ಲಿ ಈ ಸಾಲಿಗೆ ಎರಡು. ತಿದ್ದುವುದು ಮನುಷ್ಯರಲ್ಲ, ಲಿನಕ್ಸ್ ಯಂತ್ರವೊಂದರಲ್ಲಿ ಓಡುವ ಸ್ಕ್ರಿಪ್ಟು. ಅದು ನಿರೀಕ್ಷಿತ ಔಟ್‌ಪುಟ್ಟಿನ ಜೊತೆ ಸಾಲು ಸಾಲಾಗಿ ಹೋಲಿಸುತ್ತದೆ. ಒಂದು ಸ್ಪೇಸ್ ಹೆಚ್ಚಾದರೂ ಆ ಸಾಲು ಹೋಯಿತು.

ವಿದ್ಯಾರ್ಥಿನಿ ಬಂಟ್ವಾಳ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವವಳು. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಗಣಿತದಲ್ಲಿ ಗಟ್ಟಿ, ಅಪವರ್ತನ ಬಾಯಲ್ಲೇ ಮಾಡುತ್ತಾಳೆ. ಸ್ವಂತ ಲ್ಯಾಪ್‌ಟಾಪ್ ಇಲ್ಲ. ಅಭ್ಯಾಸವೆಲ್ಲ ಫೋನಿನಲ್ಲಿ ಹಾಕಿಕೊಂಡ ಕಂಪೈಲರ್ ಆ್ಯಪಿನಲ್ಲಿ, ಬಹುಪಾಲು ಬಸ್ಸಿನಲ್ಲೇ. ಈ ಫೋನಿನ ಸಂಗತಿ ಮುಂದೆ ಬರುತ್ತದೆ.

ತೊಡಕು

ಮೊದಲ ಸಲ ಅವಳು ಬರೆದದ್ದು ಯಾರಾದರೂ ಬರೆಯುವಂಥದ್ದೇ. ಒಂದೇ ಪ್ರಿಂಟ್‌ಎಫ್ (ಪರದೆಗೆ ಮುದ್ರಿಸುವ ಫಂಕ್ಷನ್ನು), ಒಳಗೆ ಮೂರು %ಡಿ (ಪೂರ್ಣಾಂಕ ಬಂದು ಕೂರುವ ಜಾಗ), ನಡುವೆ ಎರಡು ಪ್ಲಸ್. ಬಂದ ಉತ್ತರ:

1ಎಕ್ಸ್^2 + -5ಎಕ್ಸ್ + 6 = 0

ಮೂಲಗಳು 3 ಮತ್ತು 2, ಸರಿಯಾಗಿಯೇ ಬಂದವು. ಸಮೀಕರಣದ ಸಾಲಿಗೆ ಸ್ಕ್ರಿಪ್ಟು ಸೊನ್ನೆ ಕೊಟ್ಟಿತು. ಪಕ್ಕದ ಸಿಸ್ಟಮಿನ ಹುಡುಗ, ಎರಡು ಅಂಕ ತಾನೇ, ಬಿಟ್ಟುಬಿಡು ಅಂದ. ಅರ್ಧ ಕ್ಲಾಸು ಬಿಟ್ಟೂ ಬಿಟ್ಟಿತ್ತು. ಶಿಕ್ಷಕರಲ್ಲೂ ಹೆಚ್ಚಿನವರಿಗೆ ಇದು ಅಲಂಕಾರದ ವಿಷಯ: ಲೆಕ್ಕ ಸರಿಯಾದರೆ ಆಯಿತು, ತೋರಿಸುವುದು ಹೇಗಿದ್ದರೇನು. ಈ ಪ್ರಕರಣ ನೋಡಿದ ಮೇಲೆ ನನಗೆ ಅನ್ನಿಸುವುದು ಇದಕ್ಕೆ ತದ್ವಿರುದ್ಧ. ಆ ಅಸೈನ್‌ಮೆಂಟಿನಲ್ಲಿ ಸ್ವಂತವಾಗಿ ಯೋಚಿಸಬೇಕಾಗಿದ್ದ ಜಾಗವೆಂದರೆ ಆ ಎರಡು ಅಂಕದ್ದೇ. ಉಳಿದ ಎಂಟು ಅಂಕದ್ದು ಸೂತ್ರ. ಸೂತ್ರವನ್ನು ಸಿ ಭಾಷೆಗೆ ಇಳಿಸಿದರೆ ಮುಗಿಯಿತು.

ಅವಳು ಬಿಡಲಿಲ್ಲ. ಕಾರಣ ಅಂಕವಲ್ಲ, ಹಟ. "ಕೈಯಲ್ಲಿ ಬರೆಯುವಾಗ ಒಂದು ಸಲವೂ ತಪ್ಪುವುದಿಲ್ಲ ಸರ್, ಇದಕ್ಕೆ ಮಾತ್ರ ಎಂತ ಆಗಿದೆ?" ಅಂದಳು.

ಮಾಡಿ ನೋಡಿದ್ದು

ಸೀನಿಯರ್ ಒಬ್ಬಳು %ಡಿಯ ನಡುವೆ ಒಂದು ಪ್ಲಸ್ ಹಾಕಲು ಹೇಳಿಕೊಟ್ಟಳು. %+ಡಿ ಎಂದು ಬರೆದರೆ ಪ್ರಿಂಟ್‌ಎಫ್ ಧನಸಂಖ್ಯೆಗೂ ಚಿಹ್ನೆ ಹಾಕಿಯೇ ಮುದ್ರಿಸುತ್ತದೆ. ಪ್ಲಸ್ಸೂ ಮೈನಸ್ಸೂ ಒಟ್ಟಿಗೆ ಬರುವ ಅವಾಂತರ ಅಲ್ಲಿಗೆ ತಪ್ಪಿತು, ಆದರೆ ಸಾಲು ಹೀಗಾಯಿತು:

+1ಎಕ್ಸ್^2 -5ಎಕ್ಸ್ +6 = 0

ಮೊದಲ ಪದದ ಮುಂದೆ ಬೇಡದ ಪ್ಲಸ್. ಚಿಹ್ನೆ ಅಂಕಿಗೆ ಅಂಟಿಕೊಂಡಿದೆ, ನಡುವೆ ಸ್ಪೇಸ್ ಇಲ್ಲ. ಬಿ ಸೊನ್ನೆಯಾದರೆ +0ಎಕ್ಸ್ ಎಂದು ಬರುತ್ತದೆ. ಈ ಪ್ಲಸ್ಸಿಗೆ ಗೊತ್ತಿರುವುದು ಒಂದು ಸಂಖ್ಯೆಯನ್ನು ಹೇಗೆ ಬರೆಯಬೇಕೆಂಬುದಷ್ಟೇ. ಆ ಸಂಖ್ಯೆ ಸಾಲಿನಲ್ಲಿ ಎಲ್ಲಿದೆ, ಪಕ್ಕದಲ್ಲಿ ಚರಾಕ್ಷರ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ.

ಆಮೇಲೆ ಇಫ್‌ಗಳ ಸರದಿ. ಬಿ ಧನವಾದರೆ ಒಂದು ಪ್ರಿಂಟ್‌ಎಫ್, ಋಣವಾದರೆ ಇನ್ನೊಂದು, ಸೊನ್ನೆಯಾದರೆ ಮತ್ತೊಂದು. ಅದರೊಳಗೆ ಸಿಗೆ ಮೂರು ಕವಲು. ಆಗ ನೆನಪಾದದ್ದು ಎ ಒಂದಾದರೆ 1ಎಕ್ಸ್ ಅನ್ನಬಾರದು, ಮೈನಸ್ ಒಂದಾದರೆ ಬರೀ ಮೈನಸ್ ಸಾಕು ಎಂಬುದು. ಬಿಗೂ ಹಾಗೆಯೇ. ಸಿಗೆ ಮಾತ್ರ ಒಂದನ್ನು ಬರೆಯಲೇಬೇಕು. ಎಣಿಸಿದರೆ ಎಗೆ ನಾಲ್ಕು ಬಗೆ (ಸೊನ್ನೆಯಾದರೆ ಅದು ವರ್ಗ ಸಮೀಕರಣವೇ ಅಲ್ಲ), ಬಿಗೆ ಐದು, ಸಿಗೆ ಮೂರು. ಗುಣಿಸಿದರೆ 60 ಬೇರೆ ಬೇರೆ ಸಾಲು. ಅವಳು ಅದನ್ನೂ ಬರೆಯಲು ಹೊರಟಿದ್ದಳು. ಪರದೆಯ ಬಲಗಡೆ ಮುಗಿದು ಸ್ಕ್ರೋಲ್ ಮಾಡಿ ಓದುವಷ್ಟು ಒಳಕ್ಕೆ ಇಫ್‌ಗಳು ಹೋಗಿದ್ದವು.

ಅಷ್ಟರಲ್ಲಿ ಬಸ್ಸಿನಲ್ಲಿ ಇನ್ನೊಂದು ಉಪಾಯ ಹೊಳೆದಿತ್ತು. ಫೋನಿನ ಕೀಬೋರ್ಡಿನಲ್ಲಿ 2ನ್ನು ಒತ್ತಿ ಹಿಡಿದರೆ ಮೇಲಕ್ಕೇರಿದ ಪುಟ್ಟ ² ಸಿಗುತ್ತದಲ್ಲ? ಅದನ್ನೇ ಪ್ರಿಂಟ್‌ಎಫ್ ಒಳಗೆ ಹಾಕಿದಳು. ಆ್ಯಪಿನಲ್ಲಿ ಸಾಲು ಪಠ್ಯಪುಸ್ತಕದ ಹಾಗೆಯೇ ಕಂಡಿತು. ಫೈಲನ್ನು ತನಗೇ ಮೇಲ್ ಮಾಡಿಕೊಂಡು ಲ್ಯಾಬಿನಲ್ಲಿ ತೆರೆದು ಓಡಿಸಿದಳು.

"ಸರ್, ಫೋನಲ್ಲಿ ಸರಿ ಬರ್ತದೆ. ಇಲ್ಲಿ ಎಂತದೋ ಗೆರೆ, ಡಬ್ಬಿ ಎಲ್ಲ ಬರ್ತಾ ಉಂಟು."

ನೋಡಿದರೆ ಎಕ್ಸ್ ಪಕ್ಕದಲ್ಲಿ ┬▓ ಕೂತಿತ್ತು. ಇದು ವೈರಸ್ಸೂ ಅಲ್ಲ, ಫಾಂಟಿನ ತೊಂದರೆಯೂ ಅಲ್ಲ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ² ಎಂಬ ಅಕ್ಷರಕ್ಕೆ ಎರಡು ಬೈಟು. ಲ್ಯಾಬಿನ ವಿಂಡೋಸ್ ಕನ್ಸೋಲು ಓದುವುದು ಡಾಸ್ ಕಾಲದ ಅಕ್ಷರಪಟ್ಟಿಯಾದ ಕೋಡ್ ಪೇಜ್ 437ರಲ್ಲಿ. ಅಲ್ಲಿ ಒಂದು ಬೈಟಿಗೆ ಒಂದು ಅಕ್ಷರ. ಮೊದಲ ಬೈಟು ┬ ಆಯಿತು, ಎರಡನೆಯದು ▓. ತಮಾಷೆಯೆಂದರೆ 437ರೊಳಗೂ ² ಇದೆ, ಬೇರೆ ಸಂಖ್ಯೆಯಲ್ಲಿ, 253ರಲ್ಲಿ.

ಇಲ್ಲಿ ಒಂದು ತೀರ್ಮಾನ ಮಾಡಬೇಕಿತ್ತು. ಕನ್ಸೋಲಿನ ಕೋಡ್ ಪೇಜನ್ನು 65001ಕ್ಕೆ ಬದಲಿಸಿದರೆ ಯುಟಿಎಫ್-8 ಸರಿಯಾಗಿ ಕಾಣುತ್ತದೆ. ಒಂದೇ ಕಮಾಂಡಿನ ಕೆಲಸ. ಅವಳಿಗೆ ಅದೇ ಬೇಕಿತ್ತು. ಆದರೆ ಆ ಬದಲಾವಣೆ ಆ ಒಂದು ಸಿಸ್ಟಮಿನದ್ದು, ಪ್ರೋಗ್ರಾಮಿನದ್ದಲ್ಲ. ಮುಂದಿನ ವಾರ ಬೇರೆ ಕುರ್ಚಿ ಸಿಕ್ಕಿದರೆ ಮತ್ತೆ ಡಬ್ಬಿಗಳು. ಪ್ರಿಂಟ್‌ಎಫ್‌ನಲ್ಲಿ ಪಠ್ಯಕ್ಕೆ ಅಗಲ ನಿಗದಿ ಮಾಡಿದಾಗ ಅದು ಬೈಟುಗಳನ್ನು ಎಣಿಸುತ್ತದೆಯೇ ಹೊರತು ಕಣ್ಣಿಗೆ ಕಾಣುವ ಅಕ್ಷರಗಳನ್ನಲ್ಲ, ಹಾಗಾಗಿ ² ಇರುವ ಸಾಲುಗಳು ಕಾಲಮ್ಮಿನಲ್ಲಿ ಒಂದು ಸ್ಥಾನ ಹಿಂದೆ ಸರಿಯುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಪ್ರಶ್ನೆಯಲ್ಲೇ ^ ಇದೆ. ಕೋಡ್ ಪೇಜ್ ಬದಲಿಸಿ ಒಂದು ಸಲ ತೋರಿಸಿದೆ, ಆಮೇಲೆ ^ಗೇ ಮರಳಲು ಹೇಳಿದೆ. ಮುಖ ಸಣ್ಣದಾಯಿತು. ಆ ಚಂದದ ಸಾಲನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡಳು.

ಬೋರ್ಡಿನ ಮುಂದೆ

ಪ್ರಕರಣ ತಿರುಗಿದ್ದು ಕಂಪ್ಯೂಟರಿನಿಂದ ಎದ್ದ ಮೇಲೆ. ಮಳೆಗೆ ಕರೆಂಟು ಹೋಗಿ, ಯುಪಿಎಸ್ ಕೂಗಿ ಕೂಗಿ ಸುಮ್ಮನಾಗಿತ್ತು. ಮೇಡಂ ಚಾಕ್ ಕೊಟ್ಟು ಕರೆದರು. "ಬಾ, ಬೋರ್ಡಲ್ಲಿ ಬರಿ ನೋಡುವ. ನಾನು ಮೂರು ನಂಬ್ರ ಹೇಳ್ತೇನೆ, ನೀನು ಸಮೀಕರಣ ಬರಿ. ಬರೆಯುವಾಗ ಕೈ ಎಂತ ಮಾಡ್ತದೆ ಅಂತ ಬಾಯಲ್ಲಿ ಹೇಳ್ಬೇಕು."

ಮೊದಲೆರಡು ಸುಲಭವಾದವು. ಮೂರನೆಯದು 2, -1, -7. ಅವಳು 2ಎಕ್ಸ್² ಬರೆದು ಹೇಳಿದಳು: "ಮುಂದಿನದ್ದು ಮೈನಸ್ಸಾ ಪ್ಲಸ್ಸಾ ನೋಡ್ತೇನೆ. ಮೈನಸ್. ಅದನ್ನು ಮೊದಲು ಬರೀತೇನೆ. ಮತ್ತೆ ಎಷ್ಟು ಅಂತ ನೋಡ್ತೇನೆ. ಒಂದು, ಹಾಗಾಗಿ ಬರೆಯುದಿಲ್ಲ. ಎಕ್ಸ್."

ಮೇಡಂ ಅಲ್ಲಿಗೆ ನಿಲ್ಲಿಸಿದರು. "ಮೈನಸ್ ಬರೆದ ಮೇಲೆ ಎಷ್ಟು ಅಂತ ನೋಡಿದಿ. ಎಷ್ಟಿತ್ತು?"

"ಒಂದು."

"ಮೈನಸ್ ಒಂದು ಅಲ್ವಾ?"

ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿದಳು. "ಅಲ್ಲ ಮೇಡಂ. ಮೈನಸ್ ಆಗಲೇ ಬರೆದಾಯ್ತಲ್ಲ."

ಕೈ ಮಾಡುತ್ತಿದ್ದದ್ದು ಇಷ್ಟೇ: ಚಿಹ್ನೆಯನ್ನೂ ಪರಿಮಾಣವನ್ನೂ (ಚಿಹ್ನೆ ಬಿಟ್ಟ ಸಂಖ್ಯೆ) ಬೇರೆ ಮಾಡಿ, ಚಿಹ್ನೆಯನ್ನು ಎರಡು ಪದಗಳ ನಡುವಿನ ಕೊಂಡಿಯಾಗಿ ಬರೆದು, ಪರಿಮಾಣವನ್ನು ಆಮೇಲೆ ಬರೆಯುವುದು. ಪ್ರೋಗ್ರಾಮಿನಲ್ಲಿ ಅವಳು -5ನ್ನು ಒಂದೇ ವಸ್ತುವಾಗಿ %ಡಿಗೆ ಕೊಟ್ಟು, ಕೊಂಡಿಯನ್ನು ಮೊದಲೇ ಪ್ಲಸ್ ಎಂದು ಗಟ್ಟಿ ಮಾಡಿಟ್ಟಿದ್ದಳು. ಎರಡನ್ನು ಬೇರೆ ಮಾಡಲು ಸಿ ಭಾಷೆಯಲ್ಲಿ ಬೇಕಾದದ್ದು ಒಂದು ಇಫ್, ಮೈನಸ್ ತೆಗೆದು ಕೊಡುವ ಒಂದು ಎಬಿಎಸ್ ಫಂಕ್ಷನ್ನು.

ಎರಡನೆಯದಾಗಿ ಬೋರ್ಡಿನಲ್ಲಿ ಕಂಡದ್ದು, ಅವಳು ಮೂರು ಪದಗಳಿಗೂ ಅದೇ ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಿದ್ದಾಳೆ ಎಂಬುದು. 60 ಸಾಲು ಹುಟ್ಟಿದ್ದು ಇಡೀ ಸಮೀಕರಣವನ್ನು ಒಂದೇ ಸಲ ನೋಡಿದ್ದರಿಂದ. ಒಂದು ಪದವನ್ನು ಮಾತ್ರ ನೋಡಿದರೆ ಬೆರಳೆಣಿಕೆಯ ಪ್ರಶ್ನೆ. ಕರೆಂಟು ಬರುವಷ್ಟರಲ್ಲಿ ಬೋರ್ಡಿನ ಮೇಲೆ ಇದಿತ್ತು:

ಪದ ಬರೆ (ಸಹಗುಣಕ, ಘಾತ)
– ಸಹಗುಣಕ 0 ಆದರೆ ಏನೂ ಬರೆಯದೆ ವಾಪಸ್
– ಇದೇ ಮೊದಲ ಪದವಾದರೆ: ಋಣವಿದ್ದರೆ ಮಾತ್ರ "-", ಸ್ಪೇಸ್ ಬೇಡ
– ಮೊದಲ ಪದವಲ್ಲದಿದ್ದರೆ: " + " ಅಥವಾ " - "
– ಪರಿಮಾಣ 1 ಅಲ್ಲದಿದ್ದರೆ, ಅಥವಾ ಘಾತ 0 ಆದರೆ, ಪರಿಮಾಣ ಬರೆ
– ಘಾತ 0ಕ್ಕಿಂತ ಹೆಚ್ಚಾದರೆ "ಎಕ್ಸ್". 1ಕ್ಕಿಂತ ಹೆಚ್ಚಾದರೆ "^" ಮತ್ತು ಘಾತ

ಇದನ್ನು ಮೂರು ಸಲ ಕರೆದು, ಕೊನೆಗೆ " = 0" ಸೇರಿಸಿದರೆ ಸಾಲು ಸಿದ್ಧ.

"ಮೊದಲ ಪದ" ಎಂಬುದರ ಬಗ್ಗೆ ಅಲ್ಲೇ ಒಂದು ಚರ್ಚೆಯಾಯಿತು. ಎಯ ಪದವೇ ಯಾವಾಗಲೂ ಮೊದಲು, ಘಾತ 2 ಇದ್ದರೆ ಮೊದಲ ಪದ ಎಂದು ನೋಡಿದರೆ ಸಾಕು ಎಂದು ಅವಳು. ವರ್ಗ ಸಮೀಕರಣಕ್ಕೆ ಅದು ಸಾಕು ಕೂಡ. ಮೇಡಂ ಒಪ್ಪಲಿಲ್ಲ. ಎ ಸೊನ್ನೆಯಾದ ದಿನ ಬಿಯ ಪದವೇ ಮೊದಲನೆಯದಾಗುತ್ತದೆ. ಆದ್ದರಿಂದ ಘಾತವನ್ನು ನೋಡಬೇಡ, ಇಲ್ಲಿಯವರೆಗೆ ಏನಾದರೂ ಬರೆದಾಗಿದೆಯೇ ಎಂದು ಒಂದು ಫ್ಲ್ಯಾಗಿನಲ್ಲಿ (ಹೌದು ಅಥವಾ ಇಲ್ಲ ಎಂದಷ್ಟೇ ಇಟ್ಟುಕೊಳ್ಳುವ ವೇರಿಯಬಲ್ಲಿನಲ್ಲಿ) ನೆನಪಿಟ್ಟುಕೋ ಎಂದರು. ಆಗ ಇದು ಅನಗತ್ಯ ಮುಂಜಾಗ್ರತೆಯಂತೆ ಕಂಡಿತ್ತು.

ಸಾಲು ಸರಿ, ಉತ್ತರ ತಪ್ಪು

ಫಂಕ್ಷನ್ನು ಬರೆದ ದಿನವೇ ಸಮೀಕರಣದ ಸಾಲು ಪಾಸಾಯಿತು. ಮರುದಿನ ಮೂಲಗಳ ಸಾಲು ಫೇಲಾಯಿತು, ಮೊದಲ ದಿನದಿಂದ ಸರಿಯಿದ್ದದ್ದು. 1, -5, 6ಕ್ಕೆ 4.56 ಮತ್ತು 0.44 ಬಂತು. 1, 5, 6 ಕೊಟ್ಟರೆ ಮೂಲಗಳು ಕಾಲ್ಪನಿಕ ಎಂಬ ಸಂದೇಶ.

ಇಲ್ಲಿ ಅವಳ ಗಣಿತ ಕೈಹಿಡಿಯಿತು. "ಬಿಯ ಚಿಹ್ನೆ ಬದಲಾದರೆ ಮೂಲಗಳ ಚಿಹ್ನೆ ಮಾತ್ರ ಬದಲಾಗಬೇಕಲ್ಲ ಸರ್. ಒಂದಕ್ಕೆ ಉತ್ತರ ಉಂಟು, ಇನ್ನೊಂದಕ್ಕೆ ಇಲ್ಲ ಅಂದರೆ ಹೇಗೆ?" ಮೇಲೆ ಮುದ್ರಿತವಾಗಿದ್ದ ಸಮೀಕರಣ ಎರಡೂ ಸಲ ಸರಿಯಾಗಿತ್ತು. ಅಂದರೆ ಸಂಖ್ಯೆಗಳನ್ನು ಓದಿಕೊಂಡದ್ದರಲ್ಲಿ ತಪ್ಪಿಲ್ಲ. ತಪ್ಪು ಓದಿಗೂ ಉತ್ತರಕ್ಕೂ ನಡುವೆ, ಶೋಧಕದ ಸುತ್ತ ಎಲ್ಲೋ ಇದೆ. ಅಲಂಕಾರ ಎಂದು ಕರೆಸಿಕೊಂಡಿದ್ದ ಸಾಲು ಹುಡುಕಾಟವನ್ನು ನಾಲ್ಕೈದು ಸಾಲಿಗೆ ಇಳಿಸಿತು.

ತಪ್ಪು ಸಿಕ್ಕಿದ್ದು ^ ಚಿಹ್ನೆಯಲ್ಲಿ. ಮೊದಲು ಅವಳ ಪ್ರೋಗ್ರಾಮಿನಲ್ಲಿ ಬಿಯನ್ನು ಬಿಯಿಂದಲೇ ಗುಣಿಸಿತ್ತು. ಮುದ್ರಿಸುವಾಗ ^2 ಬರೆದು ಅಭ್ಯಾಸವಾದ ಮೇಲೆ, ಲೆಕ್ಕದಲ್ಲೂ ಹಾಗೆಯೇ ಇರಲಿ ಎಂದು ಬಿ^2 ಮಾಡಿದ್ದಳು. ಕಂಪೈಲರ್ ತಕರಾರು ಮಾಡಲಿಲ್ಲ. ಸಿ ಭಾಷೆಯಲ್ಲಿ ಘಾತಕ್ಕೆ ಚಿಹ್ನೆಯೇ ಇಲ್ಲ. ಪೌ ಎಂಬ ಫಂಕ್ಷನ್ನು ಇದೆ, ಇಲ್ಲವೇ ಗುಣಾಕಾರ. ^ ಎಂದರೆ ಬಿಟ್‌ಗಳ ಎಕ್ಸ್‌ಆರ್: ಎರಡು ಬಿಟ್ ಬೇರೆಯಾದರೆ 1, ಒಂದೇ ಆದರೆ 0. 5^2 ಎಂದರೆ 7.

ಆಪರೇಟರುಗಳ ಆದ್ಯತೆಯೇನಾದರೂ ಕಾರಣವೋ ಎಂದು 1, 5, 6 ಇಟ್ಟುಕೊಂಡು ಆವರಣ ಹಾಕಿ ನೋಡಿದೆವು. ಶೋಧಕ ಮೊದಲೂ -17, ಆವರಣ ಹಾಕಿದ ಮೇಲೂ -17. ಹಾಗಾದರೆ ಆದ್ಯತೆಯ ತೊಂದರೆಯಲ್ಲ ಎಂದು ಯಾರಾದರೂ ಮುಂದೆ ಹೋಗುವಂಥ ಉತ್ತರ. ನಿಜದಲ್ಲಿ ಆದ್ಯತೆಯದ್ದೂ ಇತ್ತು. ಎಕ್ಸ್‌ಆರ್‌ಗೆ ವ್ಯವಕಲನಕ್ಕಿಂತ ಕಡಿಮೆ ಆದ್ಯತೆ, ಆದ್ದರಿಂದ ಆವರಣವಿಲ್ಲದೆ ಯಂತ್ರ ಮೊದಲು 2ರಿಂದ 24 (4×1×6) ಕಳೆದು -22 ಮಾಡಿ, ಆಮೇಲೆ 5ರ ಜೊತೆ ಎಕ್ಸ್‌ಆರ್ ಮಾಡುತ್ತಿತ್ತು. ಆವರಣ ಹಾಕಿದಾಗ 7ರಿಂದ 24 ಕಳೆಯಿತು. 24 ಎಂಟರ ಗುಣಕ. ಅದನ್ನು ಕಳೆದರೆ ಕೊನೆಯ ಮೂರು ಬಿಟ್‌ಗಳು ಅಲುಗಾಡುವುದಿಲ್ಲ, 5ಕ್ಕೂ 2ಕ್ಕೂ ಇರುವುದು ಆ ಮೂರು ಬಿಟ್‌ಗಳೇ. ಹಾಗಾಗಿ ಎರಡು ದಾರಿಯೂ ಒಂದೇ ಉತ್ತರಕ್ಕೆ ಹೋದವು. -5 ಹಾಕಿ ನೋಡಿದರೆ ಬಣ್ಣ ಬಯಲು: ಆವರಣವಿಲ್ಲದೆ 17, ಆವರಣದ ಜೊತೆ -31. ಸರಿಯಾದ ಶೋಧಕ ಎರಡಕ್ಕೂ 1.

ವಿದ್ಯಾರ್ಥಿನಿಯ ಗೊಂದಲಕ್ಕೆ ಚರಿತ್ರೆಯಲ್ಲೂ ಸ್ವಲ್ಪ ಪಾಲಿದೆ. ಘಾತವನ್ನು ಮೇಲೆ ಪುಟ್ಟದಾಗಿ ಬರೆಯುವ ಪದ್ಧತಿ 1637ರಲ್ಲಿ ಫ್ರೆಂಚ್ ಗಣಿತಜ್ಞ ದೆಕಾರ್ತನ ಜ್ಯಾಮಿತಿ ಪುಸ್ತಕದಿಂದ ನೆಲೆಯಾಯಿತು. ಟೈಪ್ ಮಾಡುವ ಯಂತ್ರಗಳಿಗೆ ಮೇಲೆ ಕೆಳಗೆ ಎಂಬುದಿಲ್ಲ. ಕಂಪ್ಯೂಟರಿನ ಅಕ್ಷರಗಳಿಗೆ ಸಂಖ್ಯೆ ಕೊಟ್ಟ 1963ರ ಆಸ್ಕಿ ಪಟ್ಟಿಯಲ್ಲಿ ಈಗ ^ ಇರುವ ಜಾಗದಲ್ಲಿ ಮೇಲ್ಮುಖ ಬಾಣ ↑ ಇತ್ತು. ಆಲ್ಗಾಲ್ 60 ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಘಾತದ ಚಿಹ್ನೆಯೂ ಆ ಬಾಣವೇ. ಪಟ್ಟಿ ಪರಿಷ್ಕಾರವಾದಾಗ ಬಾಣ ಹೋಗಿ ^ ಬಂತು, ಬೇಸಿಕ್‌ನಂಥ ಭಾಷೆಗಳಲ್ಲಿ ಘಾತದ ಅರ್ಥವೂ ಜೊತೆಗೇ ಬಂತು. ಸಿ ಅದನ್ನು ಬೇರೆ ಕೆಲಸಕ್ಕೆ ಹಚ್ಚಿತು. ಉದ್ಧರಣ ಚಿಹ್ನೆಯ ಒಳಗೆ ಅದು ಬರೀ ಮಸಿ, ಹೊರಗೆ ಆಪರೇಟರ್. ಮುದ್ರಿಸಿದ ಸಮೀಕರಣವನ್ನು ಸಿ ಲೆಕ್ಕ ಮಾಡುವುದಿಲ್ಲ, ಲೆಕ್ಕ ಮಾಡಿದ್ದನ್ನು ಮುದ್ರಿಸುವುದೂ ಇಲ್ಲ. ಎರಡನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಅದೇ ಬ್ಯಾಚಿನಲ್ಲಿ ಇನ್ನೂ ಕೆಲವರ ಪ್ರೋಗ್ರಾಮಿನಲ್ಲಿ ಬಿ^2 ಸಿಕ್ಕಿತು. ಸಹಗುಣಕಗಳನ್ನು ಫ್ಲೋಟ್ (ದಶಾಂಶ ಸಂಖ್ಯೆಯ ಬಗೆ) ಮಾಡಿಕೊಂಡಿದ್ದವರು ಬಚಾವಾಗಿದ್ದರು, ಏಕೆಂದರೆ ಫ್ಲೋಟಿನ ಮೇಲೆ ^ ಹಾಕಿದರೆ ಕಂಪೈಲರೇ ತಡೆಯುತ್ತದೆ.

ಫಲಿತಾಂಶ

ಅಸೈನ್‌ಮೆಂಟು ಗಡುವು ದಾಟಿತ್ತು. ಅದಕ್ಕೆ ಒಂದು ಅಂಕ ಹೋಯಿತು. ಸ್ಕ್ರಿಪ್ಟಿನ ಪರೀಕ್ಷೆಗಳಲ್ಲಿ ಕೊನೆಗೆ ಒಂದೇ ಉಳಿಯಿತು: -1, 0, 0. ಸಮೀಕರಣ ಸರಿಯಾಗಿ -ಎಕ್ಸ್^2 = 0 ಎಂದು ಬಂತು. ಮೂಲ -0.00 ಎಂದು ಬಂತು. ಸೊನ್ನೆಯನ್ನು ಋಣಸಂಖ್ಯೆಯಿಂದ ಭಾಗಿಸಿದರೆ ಕಂಪ್ಯೂಟರಿನ ದಶಾಂಶ ಲೆಕ್ಕದ ಮಾನಕವಾದ ಐಇಇಇ 754ರ ಪ್ರಕಾರ ಸಿಗುವುದು ಋಣ ಸೊನ್ನೆ. ಹೋಲಿಸಿದರೆ ಅದು ಸೊನ್ನೆಗೆ ಸಮ, ಮುದ್ರಿಸಿದರೆ ಮಾತ್ರ ಮೈನಸ್ ತೋರಿಸುತ್ತದೆ. ಈ ಸಲ ಅವಳು ಯಾರನ್ನೂ ಕೇಳಲಿಲ್ಲ. ಮೂಲ ಸೊನ್ನೆಗೆ ಸಮವಾದರೆ ಅದಕ್ಕೆ ಸೊನ್ನೆಯನ್ನೇ ಕೊಡು ಎಂಬ ಒಂದು ಸಾಲು ಸೇರಿಸಿ ಪಾಸು ಮಾಡಿಸಿಕೊಂಡಳು. ಚಿಹ್ನೆ ಬೇರೆ, ಪರಿಮಾಣ ಬೇರೆ ಎಂಬುದು ಅಷ್ಟರಲ್ಲಿ ಅವಳ ಕೈಗೆ ಹತ್ತಿತ್ತು.

ನಿಜವಾದ ವ್ಯತ್ಯಾಸ ಗೊತ್ತಾದದ್ದು ವೈವಾದಲ್ಲಿ. ಎಲ್ಲರಿಗೂ ಒಂದೇ ಬದಲಾವಣೆ ಕೇಳಿದೆವು: ನಾಲ್ಕು ಸಹಗುಣಕ ಓದಿಕೊಂಡು ಮೂರನೆಯ ಘಾತದ ಬಹುಪದೋಕ್ತಿ ಮುದ್ರಿಸಿ, ಯಾವುದು ಬೇಕಾದರೂ ಸೊನ್ನೆಯಾಗಬಹುದು. ಇಫ್ ಒಳಗೆ ಇಫ್ ಇಟ್ಟು ಎರಡು ಅಂಕ ಪಡೆದಿದ್ದ ಜಾಣರೂ ಇದ್ದರು. ಅವರು ಮೊದಲಿನಿಂದ ಶುರು ಮಾಡಬೇಕಾಯಿತು. ಇವಳು ಫಂಕ್ಷನ್ನನ್ನು ಇನ್ನೊಂದು ಸಲ ಕರೆದಳು, ಮುಗಿಯಿತು. ಮೊದಲ ಸಹಗುಣಕಕ್ಕೆ ಸೊನ್ನೆ ಕೊಟ್ಟು ನೋಡಿದೆವು. ಬೋರ್ಡಿನ ಮುಂದೆ ಅನಗತ್ಯವೆಂದು ಕಂಡಿದ್ದ ಫ್ಲ್ಯಾಗು ಕೆಲಸ ಮಾಡಿತು, ಸಾಲು ಪ್ಲಸ್ಸಿನಿಂದ ಶುರುವಾಗಲಿಲ್ಲ. ನಾಲ್ಕೂ ಸೊನ್ನೆ ಕೊಟ್ಟಾಗ ಮಾತ್ರ ಪರದೆ ಖಾಲಿ ಉಳಿಯಿತು. ಏನೂ ಬರೆದಾಗಿಲ್ಲವೆಂದರೆ 0 ಬರೆ ಎಂದು ಅದೇ ಫ್ಲ್ಯಾಗನ್ನು ಬಳಸಿ ಅಲ್ಲೇ ಸರಿಪಡಿಸಿದಳು.

ನಂತರದ ಬ್ಯಾಚಿಗೆ ಮೇಡಂ ಕ್ರಮ ಬದಲಿಸಿದರು. ಮೂಲಗಳ ಪ್ರೋಗ್ರಾಮಿಗೆ ಒಂದು ವಾರ ಮೊದಲು ಒಂದೇ ಪದವನ್ನು ಮುದ್ರಿಸುವ ಫಂಕ್ಷನ್ನು, ಕಂಪ್ಯೂಟರ್ ಮುಟ್ಟುವ ಮೊದಲು ಬೋರ್ಡಿನಲ್ಲಿ ಬಾಯಿಬಿಟ್ಟು ಬರೆಯುವುದು. ಅಂಕ ಎರಡರಿಂದ ನಾಲ್ಕಕ್ಕೆ ಏರಿತು. ಸ್ಕ್ರಿಪ್ಟು ಸ್ಪೇಸಿಗೂ ಅಂಕ ಕಳೆಯುವುದನ್ನು ಸಡಿಲಿಸೋಣವೇ ಎಂಬ ಮಾತು ಬಂದಾಗ ನಾನು ಬೇಡ ಅಂದೆ. ಸಡಿಲ ಮಾಡಿದ್ದರೆ %+ಡಿಯ ಸಾಲು ಹೆಚ್ಚು ಕಡಿಮೆ ಪಾಸಾಗುತ್ತಿತ್ತು, ಯಾರೂ ಬೋರ್ಡಿನವರೆಗೆ ಹೋಗುತ್ತಿರಲಿಲ್ಲ.

ಎರಡು ವಿಷಯ ತೀರ್ಮಾನವಾಗದೆ ಉಳಿದಿವೆ. 1, 1000, 1 ಕೊಟ್ಟರೆ ಒಂದು ಮೂಲ ಸುಮಾರು -0.001, ಎರಡು ದಶಾಂಶಕ್ಕೆ ಮುದ್ರಿಸಿದರೆ ಮತ್ತೆ -0.00. ಇದು ಸೊನ್ನೆಯಲ್ಲ, ಹಾಗಾಗಿ ಅವಳ ಸಾಲು ಇದನ್ನು ಹಿಡಿಯುವುದಿಲ್ಲ. ಮೈನಸ್ ತೆಗೆಯಬೇಕೆಂದು ಮೇಡಂ. ಮೂಲ ಋಣವೆಂಬ ಮಾಹಿತಿ ಅಷ್ಟಾದರೂ ಉಳಿಯಲಿ ಎಂದು ನಾನು. ಎರಡನೆಯದು ಇನ್ನೂ ಕಷ್ಟದ್ದು. ಸಹಗುಣಕಗಳು ದಶಾಂಶದವಾದರೆ "ಪರಿಮಾಣ 1 ಆಗಿದೆಯೇ" ಎಂಬ ಪ್ರಶ್ನೆ ಎಡವುತ್ತದೆ. 0.999 ಎಂಬುದು 1 ಅಲ್ಲ, ಆದರೆ ಎರಡು ದಶಾಂಶಕ್ಕೆ 1.00ಎಕ್ಸ್ ಎಂದು ಬರುತ್ತದೆ. ದುಂಡಾಗಿಸಿದ ಮೇಲೆ ಕೇಳಬೇಕೋ, ಮೊದಲೇ ಕೇಳಬೇಕೋ? ಈ ಸಲದ ಬ್ಯಾಚಿಗೆ ಇದನ್ನೇ ಪ್ರಶ್ನೆಯಾಗಿ ಕೊಟ್ಟಿದ್ದೇವೆ, ನಿರೀಕ್ಷಿತ ಔಟ್‌ಪುಟ್ ಕೊಡದೆ.